ಕಾಫಿ ಕಣದಲ್ಲಿ ವ್ಯಾನ್, ಗಿರಿಯಲ್ಲಿ ಲಾವಾ ಬಂಡೆ: ನಮ್ಮ ಕ್ಯಾಂಪರ್‌ವ್ಯಾನ್ ಪ್ರವಾಸದ ತಯಾರಿ

ಚಿಕ್ಕಮಗಳೂರಿನ ಗಿರಿಗಳಿಗೆ ಕ್ಯಾಂಪರ್‌ವ್ಯಾನ್ ತಗೊಂಡು ಹೋಗುವವರು ಮೊದಲು ಗೊತ್ತು ಮಾಡಿಕೊಳ್ಳಬೇಕಾದದ್ದು ರಾತ್ರಿ ವ್ಯಾನ್ ಎಲ್ಲಿ ನಿಲ್ಲುತ್ತೆ ಅನ್ನೋದನ್ನು. ಏನೇನು ನೋಡಬೇಕು ಅನ್ನೋದು ಆಮೇಲಿನ ಮಾತು. ನಾನು ಹಾಸನದವನು. ಹೆಂಡತಿ, ಮಗಳು, ಅತ್ತೆ ಜೊತೆ ಈ ಪ್ರವಾಸ ಮಾಡಿದೆ. ಅತ್ತೆಯವರಿಗೆ ಮಂಡಿ ನೋವು, ಕೆಳಗೆ ಕೂರಲು ಆಗುವುದಿಲ್ಲ. ದಾರಿಯಲ್ಲಿ ಕಮೋಡ್ ಸಿಗಲ್ಲ ಅಂತಲೇ ಅವರು ಎಷ್ಟೋ ವರ್ಷದಿಂದ ಪ್ರವಾಸಕ್ಕೆ ಬರುತ್ತಿರಲಿಲ್ಲ. ಒಳಗೇ ಶೌಚಾಲಯ, ಮಲಗಲು ಜಾಗ, ಪುಟ್ಟ ಅಡುಗೆ ಕಟ್ಟೆ ಇರುವ ವ್ಯಾನ್ ಬಾಡಿಗೆಗೆ ಸಿಗುತ್ತೆ ಅಂತ ಗೊತ್ತಾದ ಮೇಲೆ ಅವರೇ ಮೊದಲು ಚೀಲ ಕಟ್ಟಿದರು.

ಹೋಗಿದ್ದು ಬಂಡೆ ನೋಡಲು. ಹೌದು, ಬಂಡೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿಯ ಈ ಸಾಲಿನಲ್ಲಿ ಹೇರಳವಾಗಿರುವುದು ಹಳೇ ಲಾವಾ. ಸುಮಾರು 270ರಿಂದ 290 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ, ಹಾಸುಹಾಸಾಗಿ ಹರಿದು, ಗಟ್ಟಿಯಾದದ್ದು. ಭೂವಿಜ್ಞಾನಿಗಳು ಇಡೀ ಗುಂಪಿಗೆ ಬಾಬಾಬುಡನ್ ಅಂತಲೇ ಹೆಸರಿಟ್ಟಿದ್ದಾರೆ. ಅದರ ಒಂದೊಂದು ಪದರಕ್ಕೂ ನಮ್ಮ ಊರುಗಳದೇ ಹೆಸರು. ತಳದಲ್ಲಿ ಕಳಸಾಪುರ, ಅದರ ಮೇಲೆ ಅಲ್ಲಂಪುರ, ಆಮೇಲೆ ಸಂತವೇರಿ, ಎಲ್ಲಕ್ಕಿಂತ ಮೇಲೆ ಮುಳ್ಳಯ್ಯನಗಿರಿ. ಬಸ್ಸಿನ ಬೋರ್ಡಿನಲ್ಲಿ ಓದುವ ಹೆಸರುಗಳು ಪ್ರಪಂಚದ ಭೂವಿಜ್ಞಾನದ ಲೇಖನಗಳಲ್ಲಿ ಇವೆ ಅಂದರೆ ನನಗಂತೂ ತುಂಬಾ ಹೆಮ್ಮೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಈ ಬೆಟ್ಟದ ಸಾಲು ಕುದುರೆ ಲಾಳದ ಹಾಗೆ ಬಾಗಿ ಜಾಗರ ಕಣಿವೆಯನ್ನು ಸುತ್ತುವರಿದಿದೆ. ಅದನ್ನು ನೋಡಿ "ಇದು ಜ್ವಾಲಾಮುಖಿಯ ಬಾಯಿ" ಅನ್ನುವವರು ಸಿಗುತ್ತಾರೆ. ಅದು ಜ್ವಾಲಾಮುಖಿಯ ಬಾಯಿ ಅಲ್ಲ. ಚಪ್ಪಟೆಯಾಗಿ ಹಾಸಿದ್ದ ಲಾವಾ ಪದರಗಳು ಕೋಟ್ಯಂತರ ವರ್ಷ ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡವು, ಆಮೇಲೆ ಮಳೆ ನೀರು ಕೊರೆದು ಕಣಿವೆ ಆಯಿತು. ಮೇಲೆ ನಿಂತು ಕಣಿವೆ ನೋಡುವಾಗ ಇಷ್ಟು ಗೊತ್ತಿದ್ದರೆ ನೋಟವೇ ಬೇರೆ.

ಈಗ ವ್ಯಾನ್ ವಿಷಯ. ಟೆಂಪೋ ಟ್ರಾವೆಲರ್ ಮೇಲೆ ಕಟ್ಟಿದ ಗಾಡಿ ಹಾಸನ, ಬೇಲೂರು, ಚಿಕ್ಕಮಗಳೂರು ರಸ್ತೆಯಲ್ಲಿ ಆರಾಮಾಗಿ ಓಡುತ್ತದೆ. ಗಿರಿಯ ರಸ್ತೆ ಹಾಗಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ, ನಡುವೆ ಎದುರು ಬದುರು ಎರಡು ಕಾರು ಬಂದರೇ ಒಬ್ಬರು ರಿವರ್ಸ್ ಹೋಗಬೇಕು. ಶನಿವಾರ, ಭಾನುವಾರ ಕೇಳುವುದೇ ಬೇಡ. ವಾಹನಗಳು ಜಾಸ್ತಿಯಾಗಿ ಈಗ ಗಿರಿಗೆ ಹೋಗುವವರು ಮೊದಲೇ ಆನ್‌ಲೈನ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಹಾಗಾಗಿ ನಾವು ಮೊದಲೇ ತೀರ್ಮಾನ ಮಾಡಿದೆವು: ವ್ಯಾನ್ ಕೆಳಗೇ ಇರುತ್ತೆ, ಮೇಲೆ ಹೋಗುವುದು ಬಾಡಿಗೆ ಜೀಪಿನಲ್ಲಿ. ಜೀಪಿಗೆ ಕೊಟ್ಟ ದುಡ್ಡು ವ್ಯಾನಿನ ಕ್ಲಚ್ ಉಳಿಸಿತು ಅಂದುಕೊಳ್ಳಿ.

ಕೆಳಗೆ ಅಂದರೆ ಎಲ್ಲಿ? ಮಲೆನಾಡಿನಲ್ಲಿ ಸಮತಟ್ಟಾದ ಜಾಗ ಸಿಗುವುದೇ ಕಷ್ಟ. ಮನೆ ಅಂಗಳ ಕೂಡ ಇಳಿಜಾರು. ವ್ಯಾನ್ ಸ್ವಲ್ಪ ವಾಲಿದರೂ ಮಲಗಿದವರು ರಾತ್ರಿಯೆಲ್ಲಾ ಒಂದೇ ಕಡೆ ಜಾರುತ್ತಾರೆ, ಸಿಂಕಿನ ನೀರು ಪೂರ್ತಿ ಹೋಗಲ್ಲ. ಆದರೆ ಪ್ರತಿ ಕಾಫಿ ತೋಟದಲ್ಲೂ ಒಂದು ಜಾಗ ಮಟ್ಟಸವಾಗಿ, ಗಟ್ಟಿಯಾಗಿ ಇರುತ್ತದೆ. ಅದೇ ಕಾಫಿ ಒಣಗಿಸುವ ಕಣ. ವ್ಯಾನ್ ನಿಲ್ಲಲು ಅದಕ್ಕಿಂತ ಒಳ್ಳೇ ಜಾಗ ನಾನು ಎಲ್ಲೂ ನೋಡಿಲ್ಲ.

ಕಣ ಯಾವಾಗ ಖಾಲಿ ಇರುತ್ತೆ ಅನ್ನೋದೇ ನಮ್ಮ ಪ್ರವಾಸದ ತಿಂಗಳನ್ನು ಗೊತ್ತು ಮಾಡಿತು. ನವೆಂಬರ್‌ನಿಂದ ಫೆಬ್ರವರಿವರೆಗೆ ಅರೇಬಿಕಾ, ರೋಬಸ್ಟಾ ಕೊಯ್ಲು. ಕಣದ ತುಂಬಾ ಕಾಫಿ ಹರಡಿರುತ್ತದೆ, ಕಾಲಿಡಲೂ ಜಾಗ ಇಲ್ಲ. ಆಗ ಯಾರನ್ನೂ ಕೇಳಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಣ ಖಾಲಿ, ಆದರೆ ಮಳೆ, ಮಂಜು, ಇಂಬಳ. ಉಳಿದದ್ದು ಮಾರ್ಚ್, ಏಪ್ರಿಲ್ ಮತ್ತು ಅಕ್ಟೋಬರ್. ಬಂಡೆ ನೋಡುವವರಿಗೆ ಮಾರ್ಚ್ ವಾಸಿ. ಹುಲ್ಲು ಒಣಗಿ ಕಲ್ಲು ಹೊರಗೆ ಕಾಣುತ್ತದೆ. ಹೂಮಳೆ ಬಿದ್ದು ಕಾಫಿ ಹೂ ಅರಳಿದರೆ ಆ ಪರಿಮಳದ ಮಧ್ಯೆ ಮಲಗುವ ಭಾಗ್ಯವೂ ಉಂಟು.

ಪರಿಚಯದವರ ಮೂಲಕ ಒಂದು ತೋಟದ ರೈಟರ್‌ಗೆ, ಅಂದರೆ ಅಲ್ಲಿನ ಕೆಲಸ, ಲೆಕ್ಕ ನೋಡಿಕೊಳ್ಳುವವರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಗಾಡಿ ಎಷ್ಟು ಎತ್ತರ ಸಾರ್?" ಗೇಟಿಂದ ಕಣದವರೆಗೆ ಸಿಲ್ವರ್ ಓಕ್ ಕೊಂಬೆಗಳು, ಅಡ್ಡ ಎಳೆದ ಕರೆಂಟ್ ತಂತಿ. ನಾನು ಟೇಪ್ ಹಿಡಿದು ಅಳೆದು, ಛಾವಣಿ ಮೇಲಿನ ಸೋಲಾರ್ ಪ್ಯಾನಲ್ ಎತ್ತರವನ್ನೂ ಸೇರಿಸಿ ಹೇಳಿದೆ. "ಹಾಗಾದ್ರೆ ಹಿಂದಿನ ಗೇಟಲ್ಲಿ ಬನ್ನಿ. ಲೈನ್ ಮನೆ ದಾಟಿ ಎಡಕ್ಕೆ ತಿರುಗಿ. ಮೇಡಂಗೆ ಹೇಳಿರ್ತೀನಿ" ಅಂದರು. ನಿಮ್ಮ ಗಾಡಿಯ ಎತ್ತರ, ಅಗಲ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಹತ್ತಿರ ಅಂಟಿಸಿಕೊಳ್ಳಿ.

ತೋಟದವರಿಗೆ ನಾವು ಹೇಳಿದ್ದು ಮೂರೇ ಮಾತು. ಬೆಂಕಿ ಹಾಕಲ್ಲ. ಜೋರಾಗಿ ಹಾಡು ಹಾಕಲ್ಲ. ಗಲೀಜು ನೀರು ತೋಟಕ್ಕೆ ಬಿಡಲ್ಲ. ಕೊನೆಯದು ಬಹಳ ಮುಖ್ಯ. ಈ ಗುಡ್ಡಗಳ ಹಳ್ಳದ ನೀರನ್ನೇ ಕೆಳಗಿನ ಮನೆಗಳವರು ಕುಡಿಯುತ್ತಾರೆ. ಜಾಗರದ ಸೋಮವಾಹಿನಿ ಹೋಗಿ ಸೇರುವುದು ಭದ್ರೆಯನ್ನು. ಪಾತ್ರೆ ತೊಳೆದ ನೀರನ್ನು ಬಕೆಟ್‌ನಲ್ಲಿ ಹಿಡಿದು ಅವರು ತೋರಿಸಿದ ಗುಂಡಿಗೆ ಹಾಕಿದೆವು. ಶೌಚದ ಕ್ಯಾಸೆಟ್ (ವ್ಯಾನಿನ ಶೌಚಾಲಯದ ಕೆಳಗೆ ಇರುವ, ಹೊರಗೆ ತೆಗೆಯುವ ಡಬ್ಬ) ಖಾಲಿ ಮಾಡಿದ್ದು ಒಪ್ಪಿಗೆ ಪಡೆದು, ಅವರ ಪಿಟ್ ಇರುವ ಟಾಯ್ಲೆಟ್‌ನಲ್ಲಿ. ವ್ಯಾನಿನವರು ಕೊಡುವ ಕೆಮಿಕಲ್ ಸ್ವಲ್ಪವೇ ಹಾಕಿ, ಜಾಸ್ತಿ ಹಾಕಿದರೆ ಪಿಟ್‌ಗೆ ಒಳ್ಳೆಯದಲ್ಲ.

ದಾರಿಯನ್ನು ಪದರಗಳ ಕ್ರಮದಲ್ಲೇ ಹಾಕಿಕೊಂಡೆ. ಮೊದಲು ಹಳೇಬೀಡು. ದೇವಸ್ಥಾನದ ಬಳಪದ ಕಲ್ಲಿನ ಹಿಂದೆಯೂ ಇಂಥದ್ದೇ ಕಥೆ ಇದೆ. ಮೆಗ್ನೀಸಿಯಂ ಜಾಸ್ತಿ ಇದ್ದ ಅಗ್ನಿಶಿಲೆ ಬಿಸಿ ಮತ್ತು ನೀರಿಗೆ ಸಿಕ್ಕಿ ಬದಲಾದರೆ ಇಂಥ ಮೆತ್ತನೆ ಕಲ್ಲಾಗುತ್ತದೆ. ಹೊಯ್ಸಳ ಶಿಲ್ಪಿಗಳು ಅಷ್ಟು ಸಣ್ಣ ಕೆತ್ತನೆ ಮಾಡಲು ಸಾಧ್ಯವಾದದ್ದೇ ಆ ಮೆತ್ತಗಿನ ಗುಣದಿಂದ. ಸಮಯ ಇದ್ದವರು ನಮ್ಮ ಜಿಲ್ಲೆಯ ನುಗ್ಗೇಹಳ್ಳಿಗೂ ಹೋಗಿ. ಅಲ್ಲಿಯ ಲಕ್ಷ್ಮೀನರಸಿಂಹ ದೇವಸ್ಥಾನ 1246ರದ್ದು. ಆ ಸೀಮೆಯ ಬಂಡೆಗಳೂ ಅತಿ ಹಳೆಯವು, ಬೈರಾಪುರದ ಕ್ರೋಮೈಟ್ (ಕ್ರೋಮಿಯಂ ಅದಿರು) ಗಣಿ ಇರುವುದು ಅದೇ ಬಂಡೆಗಳ ಸಾಲಿನಲ್ಲಿ.

ಚಿಕ್ಕಮಗಳೂರಿನ ಹತ್ತಿರದ ಕರ್ತಿಕೆರೆ ಕಡೆ ಸಿಗುವುದು ಲಾವಾಗಿಂತ ಮೊದಲಿನ ಕಥೆ. ಉರುಟು ಬಿಳಿ ಕಲ್ಲುಗಳು ಒಂದಕ್ಕೊಂದು ಅಂಟಿಕೊಂಡು ಬಂಡೆಯಾಗಿವೆ. ಯಾವುದೋ ಕಾಲದ ಹೊಳೆ ಉರುಳಿಸಿ ನುಣುಪು ಮಾಡಿದ ಬೆಣಚು ಕಲ್ಲುಗಳು ಅವು. ಅದರ ಮೇಲೆ ಲಾವಾ ಹರಿಯಿತು.

ಲಾವಾ ಕಂಡದ್ದು ಗಿರಿಗೆ ಏರುವ ದಾರಿಯಲ್ಲಿ, ರಸ್ತೆಗಾಗಿ ಗುಡ್ಡ ಕಡಿದ ಕಡೆ. ಜೀಪಿನವರಿಗೆ ಮೊದಲೇ ಹೇಳಿದ್ದೆ, "ಅಣ್ಣ, ವ್ಯೂ ಪಾಯಿಂಟಲ್ಲಿ ಮಾತ್ರ ಅಲ್ಲ, ನಾನು ಕೇಳಿದ ಕಡೆ ಅಗಲ ನೋಡಿ ನಿಲ್ಸಿ." ಒಣಗಿದ್ದಾಗ ಆ ಕಲ್ಲು ಏನೂ ಅನ್ನಿಸುವುದಿಲ್ಲ, ಧೂಳು ಬಣ್ಣ. ಮಗಳು ಬಾಟಲಿಯಿಂದ ಒಂದು ಹಿಡಿ ನೀರು ಹಾಕಿ ಅಂಗೈಯಲ್ಲಿ ಉಜ್ಜಿದಳು. ಕಪ್ಪು ಹಸಿರು ಮೈ ಎದ್ದು ಬಂತು. ಅದರ ತುಂಬಾ ಬಾದಾಮಿ ಆಕಾರದ ಬಿಳಿ ಚುಕ್ಕೆ, ಕೆಲವು ಸಾಸಿವೆಯಷ್ಟು, ಕೆಲವು ಉಗುರಿನಷ್ಟು. ಲಾವಾ ಹರಿಯುವಾಗ ಒಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳು ಅವು. ಆಮೇಲೆ ಖನಿಜ ಕರಗಿದ ನೀರು ಇಳಿದು ಆ ಗುಳ್ಳೆಗಳನ್ನು ಬೆಣಚು, ಕ್ಯಾಲ್ಸೈಟ್‌ನಿಂದ ತುಂಬಿಸಿತು. ಲೆನ್ಸ್ ಇಟ್ಟರೆ ಚುಕ್ಕೆಯ ಅಂಚಿನಲ್ಲಿ ತೆಳು ಹಸಿರು ಗೆರೆ ಕೂಡ ಕಾಣಿಸಿತು. ಅತ್ತೆ ಜೀಪಿನಿಂದ ಇಳಿದು ಬಂದು, ತಾವೂ ಕೈಯಾಡಿಸಿ, "ಇದು ಉಸಿರು ಬಿಟ್ಟ ಕಲ್ಲು ಕಣಪ್ಪ" ಅಂದರು.

ಮೇಲೆ ಹೋದ ಹಾಗೆ ಕಲ್ಲು ಬದಲಾಗುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಇರುವುದು ಕಬ್ಬಿಣದ ಪಟ್ಟೆಕಲ್ಲು. ಕೆಂಪು, ಕಪ್ಪು ಗೆರೆಗಳು ಸೀರೆ ಅಂಚಿನ ಹಾಗೆ ಸಾಲಾಗಿ ಹೋಗುತ್ತವೆ. ಲಾವಾದ ಕಾಲ ಮುಗಿದು ಸಮುದ್ರ ಬಂದಾಗ ತಳಕ್ಕೆ ಕೂತ ಕಬ್ಬಿಣ ಅದು. ಕಪ್ಪು ಪಟ್ಟೆಗೆ ಆಯಸ್ಕಾಂತ ಹಿಡಿದರೆ ಎಷ್ಟೋ ಕಡೆ ಅಂಟುತ್ತದೆ. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿ ಕಾರ್ಖಾನೆಗೆ ಹೋಗುತ್ತಿದ್ದ ಅದಿರೂ ಇದೇ ಬಂಡೆಗಳದ್ದು. ಒಂದು ಬಾಟಲಿ ನೀರು, ಒಂದು ಲೆನ್ಸ್, ಒಂದು ಆಯಸ್ಕಾಂತ ಇಷ್ಟು ಸಾಕು. ಸುತ್ತಿಗೆ ತರಬೇಡಿ. ಇದು ಕಾಡು, ಒಂದು ಚೂರೂ ಒಡೆಯಬಾರದು, ತರಬಾರದು.

ಆಮೇಲೆ ವ್ಯಾನ್ ಎಬ್ಬಿಸಿ ಸಂತವೇರಿ ದಾರಿಯಲ್ಲಿ ಲಿಂಗದಹಳ್ಳಿಗೆ ಇಳಿದೆವು. ಇಳಿಜಾರಿನಲ್ಲಿ ಸೆಕೆಂಡ್ ಗೇರ್ ಬಿಟ್ಟು ಮೇಲೆ ಹೋಗಲೇ ಇಲ್ಲ. ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಬಿಸಿಯಾಗಿ ಹಿಡಿತ ಹೋಗುತ್ತೆ. ಘಾಟಿ ದಿನ ನೀರಿನ ಟ್ಯಾಂಕ್ ಅರ್ಧ ಮಾತ್ರ ತುಂಬಿಸಿ. 100 ಲೀಟರ್ ನೀರು ಅಂದರೆ 100 ಕೆಜಿ, ಇಳಿಜಾರಿನಲ್ಲಿ ಆ ಭಾರ ಗಾಡಿಯನ್ನು ಎಳೆಯುತ್ತದೆ. ಡೀಸೆಲ್ ಚಿಕ್ಕಮಗಳೂರಿನಲ್ಲೇ ತುಂಬಿಸಿಕೊಳ್ಳಿ. ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ತಿರುವು ತಿರುವಿಗೂ ಸಿಗ್ನಲ್ ಹೋಗುತ್ತೆ. ಲಿಂಗದಹಳ್ಳಿಯಲ್ಲಿ ಗಾಡಿ ಬಿಟ್ಟು ಕಲ್ಹತ್ತಿ, ಕೆಮ್ಮಣ್ಣುಗುಂಡಿಗೆ ಮತ್ತೆ ಜೀಪು.

ರಾತ್ರಿ ಓಡಾಟ ಪೂರ್ತಿ ಬಿಟ್ಟೆವು. ಬೇಲೂರು, ಆಲೂರು, ಸಕಲೇಶಪುರ ಕಡೆ ಆನೆಗಳ ಓಡಾಟ ಜಾಸ್ತಿ. ರಸ್ತೆ ಪಕ್ಕ ಖಾಲಿ ಜಾಗ ಚೆನ್ನಾಗಿದೆ ಅಂತ ವ್ಯಾನ್ ನಿಲ್ಲಿಸಿ ಮಲಗುವುದು ಇಲ್ಲಿ ಬೇಡವೇ ಬೇಡ. ಸಂಜೆ 5ಕ್ಕೆ ಕಣ ಸೇರಿ, ಅಕ್ಕಿ ರೊಟ್ಟಿ ತಟ್ಟಿಕೊಂಡು, ಬೇಗ ಮಲಗಿದೆವು. ಕಾಡಿನ ಒಳಗೆ ರಾತ್ರಿ ತಂಗಲು ಅನುಮತಿಯೂ ಇಲ್ಲ.

ಮುಂದಿನ ಸಲಕ್ಕೆ ಮಗಳು ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿ ಗುರುತು ಹಾಕಿಟ್ಟಿದ್ದಾಳೆ. ಅಲ್ಲಿ ಲಾವಾ ನೀರಿನೊಳಗೇ ಉಕ್ಕಿ, ತಟ್ಟನೆ ತಣ್ಣಗಾಗಿ ದಿಂಬು ದಿಂಬಾಗಿ ನಿಂತಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಅದು ಬಯಲುಸೀಮೆ, ರಸ್ತೆ ಅಗಲ, ಘಾಟಿ ಇಲ್ಲ. ಬಿಸಿಲು ಮಾತ್ರ ಜಾಸ್ತಿ. ಹಾಗಾಗಿ ಆ ಪ್ರವಾಸಕ್ಕೆ ನವೆಂಬರ್, ಡಿಸೆಂಬರ್ ನೋಡುತ್ತಿದ್ದೇವೆ. ಅಲ್ಲಿ ಕಾಫಿ ಕಣ ಇಲ್ಲ, ರಾತ್ರಿ ನಿಲ್ಲುವ ಜಾಗಕ್ಕೆ ಈಗಿಂದಲೇ ಅಲ್ಲಿನ ಪರಿಚಯದವರಿಗೆ ಫೋನ್ ಮಾಡಲು ಶುರು ಮಾಡಿದ್ದೇನೆ.