ಹಿಂದಿನ ಅಂಚು ಬಿಟ್ಟು ಎಸೆದದ್ದು: ಎಫ್-40 ಗುಂಡು ಎಸೆತದಲ್ಲಿ ನನ್ನ ಅನುಭವ

ಎಫ್-40 ಅಂದರೆ ಕುಬ್ಜರಲ್ಲೇ ಹೆಚ್ಚು ಗಿಡ್ಡ ಇರುವವರ ಪ್ಯಾರಾ ಕ್ಲಾಸ್, ನಾನು ಎಸೆಯುವುದು ಅದರಲ್ಲೇ. ಸರ್ಕಲ್ಲಿನ ಹಿಂದಿನ ಅಂಚಿನಿಂದ ಗ್ಲೈಡ್ (ಎಸೆಯುವ ಮೊದಲು ಒಂದು ಕಾಲಿನಿಂದ ತಳ್ಳಿ ಮುಂದಕ್ಕೆ ಜಾರುವುದು) ಶುರು ಮಾಡುವುದನ್ನು ನಾನು ಬಿಟ್ಟಾಗ ಧಾರವಾಡದ ಗ್ರೌಂಡಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಸರ್ಕಲ್ ಪೂರ್ತಿ ಬಳಸಲಿಲ್ಲಂದ್ರ ಸ್ಪೀಡ್ ಎಲ್ಲಿಂದ ಬರ್ತದ?" ಅಂತಿದ್ದರು. ಏಳೂವರೆ ಮೀಟರಿನ ಆಸುಪಾಸಿದ್ದ ಎಸೆತ ಈಗ ಎಂಟೂಮುಕ್ಕಾಲರ ಹತ್ತಿರ ಬಂದಿದೆ. ಅವರೇ ತಮ್ಮ ಹುಡುಗರಿಗೆ ಇದನ್ನು ಮಾಡಿಸುತ್ತಿದ್ದಾರೆ. ದೊಡ್ಡ ಮಾತಲ್ಲ ಬಿಡಿ, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮದೇ ಕ್ಲಾಸಿನ ರವಿ ರೋಂಗಲಿ 10.63 ಎಸೆದು ಐದನೆಯವರಾದರು.

ಸರ್ಕಲ್ 2.135 ಮೀಟರ್, ಎಲ್ಲರಿಗೂ ಅಷ್ಟೇ. ನಮ್ಮ ಕಾಲಿಗೆ ಒಂದು ಗ್ಲೈಡಿನಲ್ಲಿ ಅರ್ಧ ಮೀಟರ್ ಸಿಕ್ಕರೆ ಹೆಚ್ಚು. ಹಿಂದಿನ ಅಂಚಿನಿಂದ ಹೊರಟರೆ ಎಡಗಾಲು ಸ್ಟಾಪ್‌ಬೋರ್ಡಿಗೆ (ಸರ್ಕಲ್ಲಿನ ಮುಂದಿನ ಅಂಚಿನ ತಡೆಪಟ್ಟಿಗೆ) ಮುಕ್ಕಾಲು ಮೀಟರ್ ಇರುವಾಗಲೇ ನಿಲ್ಲುತ್ತದೆ. ಅಳತೆ ಹಿಡಿಯುವುದು ಬೋರ್ಡಿನ ಒಳಅಂಚಿನಿಂದ, ಹಾಗಾಗಿ ಅಷ್ಟೂ ನಷ್ಟ. ಎರಡು ಸಲ ಜಿಗಿದು ಆ ಜಾಗ ತುಂಬಲು ನೋಡಿದೆ. ಎರಡನೆಯದಕ್ಕೆ ಸೊಂಟ ಮೇಲೆದ್ದು ಮೊದಲಿನ ವೇಗವೂ ಹೋಗುತ್ತದೆ. ಈಗ ಬೋರ್ಡಿನಿಂದ ಹಿಂದಕ್ಕೆ ಹಿಮ್ಮಡಿಗೆ ಬೆರಳು ತಾಗಿಸಿ ಆರೇಳು ಪಾದ ಎಣಿಸಿ, ಅಲ್ಲಿ ಬಲಗಾಲು ಊರುತ್ತೇನೆ. ಮೀಟಿನಲ್ಲಿ ಸರ್ಕಲ್ಲಿನೊಳಗೆ ಸೀಮೆಸುಣ್ಣದ ಗುರುತು ಹಾಕುವಂತಿಲ್ಲ, ಪಾದವೇ ಅಳತೆಗೋಲು. ಎಡಪಾದ ಬೋರ್ಡಿನ ಒಳಮೈಗೆ ತಾಗಿದರೆ ಚಿಂತೆಯಿಲ್ಲ, ಮೇಲ್ಮೈ ಮುಟ್ಟಿದರೆ ಫೌಲ್. ಆ ಪಾದವನ್ನು ಎಷ್ಟು ಓರೆ ಇಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನಿಮ್ಮ ಜೊತೆಗೇ ಎಸೆಯಬೇಕಲ್ಲ!

ಹೆಚ್ಚು ದುಡ್ಡು ತಿಂದದ್ದು ಗುಂಡು. ಅಂಗಡಿಯ 4 ಕೆಜಿ ಬೀಡಿನ (ಎರಕದ ಕಬ್ಬಿಣದ) ಗುಂಡು ಅಡ್ಡಳತೆಯಲ್ಲಿ 102 ಮಿ.ಮೀ.ಗಿಂತ ಕಡಿಮೆ ಬರುವುದಿಲ್ಲ, ಕೆಲವು 108 ಇರುತ್ತವೆ. ನಮ್ಮ ಗಿಡ್ಡ ಬೆರಳಿಗೆ ಅದು ಅಂಗೈಗೇ ಜಾರುತ್ತದೆ, ಕೊನೆಯ ಬೆರಳಿನ ತಳ್ಳು ಸಿಗುವುದಿಲ್ಲ. ನಿಯಮದಲ್ಲಿ 95ರಿಂದ 110ರವರೆಗೆ ನಡೆಯುತ್ತದೆ. ಹಿತ್ತಾಳೆಯದಾದರೆ 97ರ ಒಳಗೇ 4 ಕೆಜಿ ಕೂಡುತ್ತದೆ. ಹುಬ್ಬಳ್ಳಿ ಗೋಕುಲ ರಸ್ತೆಯ ಕಡೆ ಲೇತಿನಲ್ಲಿ 100 ಮಿ.ಮೀ. ರಾಡಿನಿಂದ ಕಡೆಸಿದೆ. ರಾಡ್ ಆರೂವರೆ ಕೆಜಿ ಮೇಲೆ ಬೇಕು. ಕೂಲಿ ಸೇರಿ ಐದು ಸಾವಿರ ದಾಟಿತು, ಚೂರು ಮಾರಿದ್ದಕ್ಕೆ ಸಾವಿರದಷ್ಟು ವಾಪಸ್ ಬಂತು. ಮೊದಲನೆಯದು ಕೆಟ್ಟಿತು: ಚಕ್ಕಿನಲ್ಲಿ ಹಿಡಿಯುವ ತುಂಡಿನ ಸಮೇತ ತೂಗಿದ್ದರು, ಅದನ್ನು ಕತ್ತರಿಸಿದರೆ 3.98. ತುಂಡು ತೆಗೆದು, ಆ ಜಾಗವನ್ನು ಉಗುರಿಗೆ ಸಿಗದಷ್ಟು ಅರ ಹೊಡೆದ ಮೇಲೆ 4.010-4.015 ಉಳಿಯಬೇಕು. ಮೀಟಿನಲ್ಲಿ ತಪಾಸಣೆಗೆ ಕೊಟ್ಟು ಅದು ಪಾಸಾದರೆ ಎದುರಾಳಿಗಳೂ ಅದನ್ನೇ ಎಸೆಯಬಹುದು. ಎಸೆಯಲಿ.

ಪ್ರಾಕ್ಟೀಸಿಗೆ ಹೊಲದ ಬದಿಗೆ ಎಂಟಡಿ ಚೌಕ, ನಾಲ್ಕಿಂಚು ದಪ್ಪದ ಕಾಂಕ್ರೀಟ್ ಹಾಕಿಸಿದೆ, ಐದು ಚೀಲ ಸಿಮೆಂಟ್. ಎರಿ ಭೂಮಿ ಮಳೆಗೆ ಉಬ್ಬಿ ಒಂದೇ ವರ್ಷಕ್ಕೆ ಬಿರುಕು ಬಿಟ್ಟಿತು. ಎರಿ ಮಣ್ಣು ಒಂದೂವರೆ ಅಡಿ ತೆಗೆಸಿ, ಗರಸು ತುಂಬಿ, ನೀರು ಹೊಡೆದು ದಮ್ಮಸು ಮಾಡಿಸಿದ ಮೇಲೆ ನಿಂತಿದೆ.

ಹೆಗಲ ಮೇಲೆ ಬಾರ್ ಹೊತ್ತು ಸ್ಕ್ವಾಟ್ ಮಾಡುವುದನ್ನು ಪೂರ್ತಿ ಬಿಟ್ಟೆ. ಅಕಾಂಡ್ರೊಪ್ಲೇಸಿಯಾ (ಕೈಕಾಲಿನ ಮೂಳೆ ಗಿಡ್ಡವಾಗುವ ಹುಟ್ಟು ಕುಬ್ಜತೆ) ಇದ್ದವರಿಗೆ ಬೆನ್ನುಹುರಿಯ ದಾರಿಯೇ ಕಿರಿದು. ಕಾಲು ಜೋಮು ಹಿಡಿದರೆ ಅಂದಿನ ಕೆಲಸ ಮುಗಿಯಿತು. ಟ್ರ್ಯಾಪ್ ಬಾರ್ (ನಡುವೆ ನಿಂತು ಎರಡೂ ಪಕ್ಕದಿಂದ ಎತ್ತುವ ಬಾರ್), ಹಿಪ್ ಥ್ರಸ್ಟ್ (ಬೆಂಚಿಗೆ ಬೆನ್ನು ಕೊಟ್ಟು ಸೊಂಟದಿಂದ ಭಾರ ಎತ್ತುವುದು) ಸಾಕು.

ನಡುವೆ ಜಾವೆಲಿನ್ನೂ ಹಿಡಿದು ನೋಡಿದೆ. ನಮಗಿಂತ ತುಸು ಎತ್ತರದ ಕುಬ್ಜರ ಕ್ಲಾಸಾದ ಎಫ್-41ರಲ್ಲಿ ನವದೀಪ್ ಸಿಂಗ್ 47.32 ಎಸೆದು ಪ್ಯಾರಿಸ್‌ನ ಚಿನ್ನ ತಂದ ಮೇಲೆ ಎಲ್ಲರಿಗೂ ಅದರ ಹುಚ್ಚು. ಆದರೆ 600 ಗ್ರಾಂ ಜಾವೆಲಿನ್ 2.2 ಮೀಟರ್ ಮೇಲಿರುತ್ತದೆ. ಕೈ ಹಿಂದೆ ಎಳೆದಾಗ ಬಾಲ ನೆಲ ಕೆರೆಯುತ್ತದೆ. ಮೊನೆ ಹಣೆಯ ಮಟ್ಟಕ್ಕೇ ಹಿಡಿದರೆ ಕೆರೆಯುವುದು ನಿಲ್ಲುತ್ತದೆ, ನನ್ನ ಪೂರ್ತಿ ನೀಡದ ಮೊಣಕೈಗೆ ಅದು ಒಗ್ಗಲಿಲ್ಲ.

ಹೊಸಬರು ಖರ್ಚಿಗೆ ಇಳಿಯುವ ಮೊದಲು ಟೇಪ್ ಹಿಡಿಯಿರಿ. ಕುಬ್ಜತೆಯ ಸರ್ಕಾರಿ ಪ್ರಮಾಣಪತ್ರ 147 ಸೆಂ.ಮೀ.ವರೆಗೂ ಸಿಗುತ್ತದೆ, ಆದರೆ ಕ್ಲಾಸಿಗೆ ಅದು ಸಾಲದು. ಎಫ್-41 ಪುರುಷರಿಗೆ ಹೆಚ್ಚೆಂದರೆ ಎತ್ತರ 145, ತೋಳು 66, ಎರಡೂ ಕೂಡಿ 200. ಎಫ್-40ಕ್ಕೆ 130, 59, 180. ಮೂರರಲ್ಲಿ ಒಂದು ದಾಟಿದರೂ ಆ ಕ್ಲಾಸ್ ಸಿಗುವುದಿಲ್ಲ.