ಫಿಲ್ಲರ್ ಹಾಕಿಸುವ ಮುನ್ನ ಕ್ಲಿನಿಕ್‌ನಲ್ಲಿ ಕೇಳಬೇಕಾದ ಪ್ರಶ್ನೆ
ತುಟಿಗೋ ಕೆನ್ನೆಗೋ ಫಿಲ್ಲರ್ (ಉಬ್ಬು ಕೊಡಲು ಚರ್ಮದಡಿ ಚುಚ್ಚುವ ವಸ್ತು) ಹಾಕಿಸಲು ಕ್ಲಿನಿಕ್ ಹುಡುಕುತ್ತಿದ್ದರೆ ಮೊದಲ ಭೇಟಿಯಲ್ಲೇ ಕೇಳಿ: "ಹಯಲುರೊನಿಡೇಸ್ ಈಗ ಇಲ್ಲಿದೆಯಾ, ತೋರಿಸ್ತೀರಾ?" ಹಯಲುರಾನಿಕ್ ಆ್ಯಸಿಡ್ ಎಂಬ ಬಗೆಯ ಫಿಲ್ಲರನ್ನು ಕರಗಿಸುವ ಕಿಣ್ವ ಇದು. ಬಾಟಲಿ ತಂದರೆ ಎಕ್ಸ್‌ಪೈರಿ ದಿನಾಂಕವನ್ನೂ ನೋಡಿಬಿಡಿ. ಹಯಲುರಾನಿಕ್ ಆ್ಯಸಿಡ್ ಫಿಲ್ಲರ್ ಅಪ್ಪಿತಪ್ಪಿ ರಕ್ತನಾಳಕ್ಕೆ ಹೋದರೆ ರಕ್ತ ಸಂಚಾರ ನಿಂತು ಚರ್ಮ ಸಾಯಬಹುದು, ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು. ಆಗ ಫಿಲ್ಲರನ್ನು ಕರಗಿಸಲು ಚುಚ್ಚುವುದು ಈ ಕಿಣ್ವವನ್ನೇ, ಅದೂ ತಡಮಾಡದೆ. "ಬೇಕಾದರೆ ತರಿಸ್ತೇವೆ" ಎಂದರೆ ಎದ್ದು ಬನ್ನಿ. ಅಂಗಡಿಯಿಂದ ತರಿಸುವಷ್ಟು ಹೊತ್ತು ಚರ್ಮ ಕಾಯುವುದಿಲ್ಲ. ರಿಸೆಪ್ಷನ್‌ನವರಿಗೆ ಹೆಸರು ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ, ಚುಚ್ಚುವವರೇ ತಡವರಿಸಿದರೆ ಮಾತ್ರ ಅನುಮಾನಪಡಿ. ಆದರೆ ಈ ಉಪಾಯಕ್ಕೆ ಮಿತಿಯಿದೆ. ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್, ಪಾಲಿ-ಎಲ್-ಲ್ಯಾಕ್ಟಿಕ್ ಆ್ಯಸಿಡ್ ಬಗೆಯ ಫಿಲ್ಲರ್‌ಗಳು ಈ ಕಿಣ್ವದಿಂದ ಕರಗುವುದಿಲ್ಲ. ಬೊಟಾಕ್ಸ್‌ಗೂ ಲೇಸರ್‌ಗೂ ಈ ಪ್ರಶ್ನೆ ಉಪಯೋಗಕ್ಕೆ ಬಾರದು. ಬಾಟಲಿ ಇದ್ದ ಮಾತ್ರಕ್ಕೆ ಕೈಚಳಕ ಇದೆಯೆಂದೂ ಅಲ್ಲ. ಹಾಗಾಗಿ ಚುಚ್ಚುವ ವೈದ್ಯರ ನೋಂದಣಿ ಸಂಖ್ಯೆಯನ್ನು ವೈದ್ಯಕೀಯ ಮಂಡಳಿಯ ಪಟ್ಟಿಯಲ್ಲಿ ನೋಡಿಕೊಳ್ಳಿ. ಸಿರಿಂಜಿನ ಸೀಲನ್ನು ಕಣ್ಣೆದುರೇ ಒಡೆಸಿ, ಲಾಟ್ (ಬ್ಯಾಚ್) ನಂಬರಿನ ಸ್ಟಿಕರ್ ಇಸಿದುಕೊಳ್ಳಿ. ಮನೆಗೆ ಬಂದಮೇಲೆ ಚರ್ಮ ಬಿಳಿಚಿಕೊಂಡರೆ, ಬಲೆಯಂತೆ ನೀಲಿಗಟ್ಟಿದರೆ ಅಥವಾ ನೋವು ಏರುತ್ತಲೇ ಹೋದರೆ ಬೆಳಗಿನವರೆಗೆ ಕಾಯಬೇಡಿ, ತಕ್ಷಣ ಕ್ಲಿನಿಕ್‌ಗೆ ಫೋನ್ ಮಾಡಿ. ಕಣ್ಣು ಮಂಜಾದರೆ ನೇರ ಆಸ್ಪತ್ರೆಗೇ ಹೋಗಿ.