ಪೂರ್ವ ಜರ್ಮನಿಯವರು ನಿಮ್ಮ ಜಗಲಿಯಲ್ಲಿ ಕೂತಾಗ ಏನು ಕೇಳಬೇಕು, ಏನು ಕೇಳಬಾರದು

ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ಮಳೆ ನಿಂತ ಮೇಲೆ ವಿದೇಶದವರೂ ಬರುತ್ತಾರೆ. ಅವರಲ್ಲಿ ಅರವತ್ತರ ಆಸುಪಾಸಿನ ಜರ್ಮನ್ನರಿದ್ದರೆ ಮೊದಲು ಊರು ಕೇಳಿ. ಲೈಪ್‌ಜಿಗ್, ಡ್ರೆಸ್ಡೆನ್ ಅಂದರೆ ಅವರು ಹುಟ್ಟಿದ ದೇಶವೇ, ಅಂದರೆ ಕಮ್ಯುನಿಸ್ಟರು ಆಳುತ್ತಿದ್ದ ಪೂರ್ವ ಜರ್ಮನಿಯೇ, ಈಗ ಇಲ್ಲ ಅಂತ ಲೆಕ್ಕ. 1990ರ ಅಕ್ಟೋಬರ್ 3ಕ್ಕೆ ಅದು ಪಶ್ಚಿಮ ಜರ್ಮನಿಯೊಳಗೆ ಸೇರಿಹೋಯಿತು. ಅವರ ಬಾಯಿಂದ ಆ ಕಾಲದ ಕಥೆ ಕೇಳುವ ಆಸೆ ಇದ್ದರೆ, ನಾನು ಎಡವಿ ಕಲಿತದ್ದನ್ನು ಹೇಳುತ್ತೇನೆ.

"ಕಮ್ಯುನಿಸಂ ಹೇಗಿತ್ತು?" ಅಂತ ಮಾತ್ರ ಶುರು ಮಾಡಬೇಡಿ. ನಾನು ಹಾಗೆ ಕೇಳಿದಾಗ ಒಬ್ಬರು "ನಿಮ್ಮಲ್ಲಿ ಪ್ರಜಾಪ್ರಭುತ್ವ ಹೇಗಿದೆ?" ಅಂತ ತಿರುಗಿ ಕೇಳಿ, ರೊಟ್ಟಿ ಮುರಿಯುತ್ತಾ ಕೂತರು. ಅಲ್ಲಿಗೆ ಮಾತು ಮುಗಿಯಿತು.

ಕಾಫಿಯಿಂದ ಶುರು ಮಾಡಿ. ಸುಮ್ನೆ ಹೇಳುತ್ತಿಲ್ಲ. 1975ರಲ್ಲಿ ಬ್ರೆಜಿಲ್‌ನಲ್ಲಿ ಕಡು ಚಳಿಗೆ ಕಾಫಿ ಗಿಡಗಳು ಸುಟ್ಟುಹೋಗಿ ರೇಟು ಏರಿತು. ಪೂರ್ವ ಜರ್ಮನಿ ಸರ್ಕಾರದ ಹತ್ತಿರ ಡಾಲರ್ ಸಾಲದೆ, 1977ರಲ್ಲಿ ಅರ್ಧ ಕಾಫಿ, ಉಳಿದರ್ಧ ಚಿಕೋರಿ, ರೈ ಕಾಳು ಅಂತ ಬೆರೆಸಿದ ಪುಡಿ ಬಿಟ್ಟರು. ಜನ ರೇಗಿದರು. ನಾವು ಅಂಗಡಿಯಲ್ಲಿ ನಿಂತು ಬೇಕು ಅಂತಲೇ ಚಿಕೋರಿ ಹಾಕಿಸಿಕೊಂಡು ಬರುತ್ತೇವೆ, ಅಲ್ವಾ? ಇದನ್ನು ಹೇಳಿದಾಗ ಲೈಪ್‌ಜಿಗ್‌ನ ಒಬ್ಬ ಅಮ್ಮ ಲೋಟ ಮೂಗಿಗೆ ಹಿಡಿದು ಜೋರಾಗಿ ನಕ್ಕರು. ಪಶ್ಚಿಮದಲ್ಲಿದ್ದ ಚಿಕ್ಕಮ್ಮ ಕಳಿಸುತ್ತಿದ್ದ ಕಾಫಿ ಪೊಟ್ಟಣವನ್ನು ಅವರ ತಾಯಿ ಬೀರುವಿನಲ್ಲಿ ಬಟ್ಟೆಗಳ ಮಧ್ಯೆ ಇಡುತ್ತಿದ್ದರಂತೆ. ಶಾಲೆಗೆ ಹೋದರೆ ಅಂಗಿಯೆಲ್ಲ ಕಾಫಿ ಘಮ, ಪಕ್ಕದ ಬೆಂಚಿನವರಿಗೆ ತಕ್ಷಣ ಗೊತ್ತಾಗುತ್ತಿತ್ತಂತೆ. ಆಮೇಲೆ ಅದೇ ಸರ್ಕಾರ ವಿಯೆಟ್ನಾಂನಲ್ಲಿ ಕಾಫಿ ತೋಟ ಹಾಕಿಸಿತು. ಆದರೆ ಆ ತೋಟಗಳು ಫಸಲಿಗೆ ಬಂದು ನಿಲ್ಲುವ ಹೊತ್ತಿಗೆ ಸರ್ಕಾರವೇ ಇರಲಿಲ್ಲ! ಈಗ ನಮ್ಮ ರೊಬಸ್ಟಾ ಬೆಳೆಗಾರರು ವಿಯೆಟ್ನಾಂ ರೇಟು ನೋಡಿ ನಿಟ್ಟುಸಿರು ಬಿಡುತ್ತಾರೆ.

ನಿಮ್ಮ ಕಥೆಯನ್ನೂ ಹೇಳಿ. ಬೆಳೆದ ಕಾಫಿಯನ್ನು ಸರ್ಕಾರಿ ಕಾಫಿ ಬೋರ್ಡಿನ ಪೂಲ್‌ಗೇ, ಅಂದರೆ ಅವರ ಒಟ್ಟು ಸಂಗ್ರಹಕ್ಕೇ, ಕೊಡಬೇಕಿದ್ದ ಕಾಲ, ಸೊಸೈಟಿ ಮುಂದೆ ಸೀಮೆಎಣ್ಣೆ ಕ್ಯಾನ್ ಸಾಲಾಗಿಟ್ಟು ನೆರಳಲ್ಲಿ ಕೂರುತ್ತಿದ್ದದ್ದು. ಅವರು ಟ್ರಾಬಾಂಟ್ ಕಾರಿಗೆ ಹತ್ತು ವರ್ಷಕ್ಕೂ ಜಾಸ್ತಿ ಕಾದದ್ದು ಹೇಳುತ್ತಾರೆ. ಆದರೆ ಎರಡೂ ಒಂದೇ ಅನ್ನಬೇಡಿ. ನಾವು ಸಾಲಲ್ಲಿ ನಿಂತು ಸರ್ಕಾರವನ್ನು ಬಾಯಿ ತುಂಬಾ ಬೈಯಬಹುದಿತ್ತು.

ಶಾಲೆಯ ಮಾತು ಸುಲಭ. ಸರ್ಕಾರದ ಮಕ್ಕಳ ಸಂಘದವರು ಕೊರಳಿಗೆ ಕಟ್ಟುತ್ತಿದ್ದ ನೀಲಿ ವಸ್ತ್ರ, ಐದನೇ ಕ್ಲಾಸಿನಿಂದ ಕಲಿಯಲೇಬೇಕಿದ್ದ ರಷ್ಯನ್. ಒಂದು ವಾಕ್ಯ ಹೇಳಿ ಅಂದರೆ ಸಾಕು, ನಗು ಬರುತ್ತದೆ.

ಅಲ್ಲಿನ ಸರ್ಕಾರದ ಗುಪ್ತಚರ ಸಂಸ್ಥೆ ಸ್ಟಾಸಿಯ ವಿಷಯ ನೀವಾಗಿ ಎತ್ತಬೇಡಿ. 1992ರಿಂದ ಜನರಿಗೆ ತಮ್ಮ ಮೇಲೆ ಸ್ಟಾಸಿ ಇಟ್ಟಿದ್ದ ಕಡತ ನೋಡುವ ಅವಕಾಶ ಸಿಕ್ಕಿತು. ಸುದ್ದಿ ಕೊಟ್ಟವರು ಆಪ್ತರೇ ಅಂತ ಕೆಲವರಿಗೆ ಆಗ ಗೊತ್ತಾಯಿತು. ಹೇಳುವುದಿದ್ದರೆ ಅವರೇ ಹೇಳುತ್ತಾರೆ. ಮತ್ತೆ, ಕೇಳದೆ ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ. ಇದನ್ನು ಬೇರೆ ಯಾರಿಗೆ ಮಾಡಿದರೂ ತಪ್ಪು, ಇವರಿಗಂತೂ ಬೇಡವೇ ಬೇಡ.

ನಾವೆಲ್ಲ 1989ರ ನವೆಂಬರ್ 9ಕ್ಕೆ, ಬರ್ಲಿನ್ ಗೋಡೆ ಬಿದ್ದ ರಾತ್ರಿಗೆ ನಿಲ್ಲಿಸಿಬಿಡುತ್ತೇವೆ. ಅಲ್ಲಿಂದ ಮುಂದೆ ಕೇಳಿ. 1990ರ ಜುಲೈ 1ಕ್ಕೆ ಪೂರ್ವದ ಹಳೇ ದುಡ್ಡು ಹೋಗಿ ಪಶ್ಚಿಮ ಜರ್ಮನಿಯ ಮಾರ್ಕ್ ಹೊಸ ದುಡ್ಡಾಗಿ ಬಂತು. ಹೆಚ್ಚಿನ ವಯಸ್ಕರಿಗೆ 4000 ಮಾರ್ಕ್‌ವರೆಗಿನ ಉಳಿತಾಯಕ್ಕೆ ಒಂದಕ್ಕೊಂದು, ಮಿಕ್ಕಿದ್ದು ಎರಡಕ್ಕೊಂದು. ಅಂಗಡಿ ತುಂಬಿತು, ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. "ಹೊಸ ದುಡ್ಡಲ್ಲಿ ಮೊದಲು ಏನು ಕೊಂಡಿರಿ?" ಅಂತ ಕೇಳಿ ನೋಡಿ. ಆ ಅಮ್ಮ ಅಪ್ಪನಿಗೆ ಒಂದು ಪೊಟ್ಟಣ ಒಳ್ಳೆ ಕಾಫಿ ಕೊಂಡರಂತೆ. ಮರುವರ್ಷ ಅಪ್ಪನ ಕೆಲಸ ಹೋಯಿತಂತೆ. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು. ಇಂಥ ಹೊತ್ತಲ್ಲಿ "ಹಾಗಾದರೆ ಯಾವುದು ಚೆನ್ನಾಗಿತ್ತು?" ಅನ್ನಬೇಡಿ, ಇನ್ನೊಂದು ಲೋಟ ತುಂಬಿಸಿ.

ಹೊರಡುವಾಗ ಅವರು ನಮ್ಮ ಚಿಕೋರಿ ಪುಡಿ ಕಾಲು ಕಿಲೋ ಕಟ್ಟಿಸಿಕೊಂಡರು. ಅಣ್ಣನನ್ನು ರೇಗಿಸಲಿಕ್ಕಂತೆ.